ಯೋನನ ಕಡಲಲ್ಲಿ ನಾವು ಮೂವರು

ಊರು ಬಿಟ್ಟು ಹೊರಟೆ ಅಂದ್ರೆ ನನಗೆ ಏನಾದ್ರೂ ಒಂದು ಆಗ್ಲೇಬೇಕು. ಎರಡನೇ ಮಹಾಯುದ್ಧದ ಕಾಲದ ಆ ಒಂದು ದಿನವನ್ನಂತೂ ಈಗಲೂ ಮರೆಯೋ ಹಾಗಿಲ್ಲ. ಮಾಲೂರಿನ ನಾನು ಆಗ ಪಟಾಲಮ್ಮಿನ ಅಡಿಗೆಯವನು. ನಮ್ಮ ಬಿಡಾರ ಪ್ಯಾಲೆಸ್ಟೈನಿನ ಹೈಫಾ ಹತ್ತಿರ. ಜೊತೆಗೆ ಮುಳಬಾಗಿಲಿನ ಲಾರಿ ಡ್ರೈವರ್ ಭಾಯಿ, ಕೋಲಾರದಲ್ಲಿ ಮಿಷನ್ ಶಾಲೆ ಓದಿದ ಗುಮಾಸ್ತರು. "ಬೈಬಲ್ಲಿನ ಊರೆಲ್ಲ ಈ ಸಮುದ್ರದ ಪಕ್ಕದಲ್ಲೇ ಇವೆ. ನೋಡದೆ ಹೋದರೆ ನಮ್ಮಮ್ಮ ಮನೆಗೆ ಸೇರಿಸಲ್ಲ" ಅಂತ ಗುಮಾಸ್ತರೇ ನಮ್ಮನ್ನ ಭಾಯಿಯ ಲಾರಿಯಲ್ಲಿ ಹೊರಡಿಸಿದರು.

೧. ಅಕ್ಕಾ ಕೋಟೆ

ಮೊದಲು ಅಕ್ಕಾ ಅನ್ನೋ ಹಳೇ ಕೋಟೆ ಊರು. ಫಿರಂಗಿ ನೋಡ್ತಾ ನಿಂತವನು ತಿರುಗಿದರೆ ಇಬ್ಬರೂ ಇಲ್ಲ! ಗಲ್ಲಿಯೊಳಗೆ ಗಲ್ಲಿ, ಎಲ್ಲ ಅರಬ್ಬೀ ಮಾತು. ಹೆದರಿಕೆಗೆ ಬಾಯಲ್ಲಿ ತೆಲುಗು ಬಂತು: "ಅಯ್ಯೋ ದೇವುಡಾ!"

"ಏ ಊರು ನಾಯನಾ ಮೀದಿ?" ಯಾವೂರು ಅಂತ ಹಿಂದಿನಿಂದ ಯಾರೋ ಕೇಳಿದರು. ನೋಡಿದರೆ ಖಾಕಿ ಅಂಗಿ, ನಮ್ಮ ಕಡೆಯದೇ ಮುಖ. ನಮ್ಮ ಕೋಲಾರದ ಕಡೆಯ ರಾಯಲ್ಪಾಡಿನವನಂತೆ! ತಬ್ಬಿಕೊಂಡು ಅತ್ತೇಬಿಟ್ಟೆ. ಅವನೂ ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಅಂದ: "ಸದ್ಯ, ನೀನಾದ್ರೂ ಸಿಕ್ಕಿದೆಯಲ್ಲಣ್ಣಾ! ಬೆಳಗ್ಗಿನಿಂದ ಸುತ್ತುತಾ ಇದೀನಿ. ಹೊರಗೆ ಹೋಗೋ ದಾರಿ ಯಾವುದು?"

೨. ಒದ್ದೆ ಸೌದೆ

ಭಾಯಿ ಒಂದೇ ಸಮ ಒತ್ತುತ್ತಿದ್ದ ಲಾರಿ ಹಾರನ್ ಸದ್ದು ಹಿಡಿದು ಹೇಗೋ ಹೊರಬಿದ್ದೆವು. ರಾಯಲ್ಪಾಡಿನವನು ತನ್ನ ದಾರಿ ಹಿಡಿದ, ನಾವು ಮೂವರು ಕಾರ್ಮೆಲ್ ಬೆಟ್ಟ ಹತ್ತಿದೆವು. ಕೆಳಗೆ ನೀಲಿ ಸಮುದ್ರ. ಭಾಯಿ ತಿರುವು ತಿರುವಿಗೂ ಸ್ಟೀರಿಂಗ್ ಬಿಟ್ಟು ಅದನ್ನೇ ತೋರಿಸ್ತಿದ್ದ. ನಾನು ಕಣ್ಣು ಬಿಟ್ಟಿದ್ದು ಲಾರಿ ನಿಂತ ಮೇಲೆ.

ಗುಮಾಸ್ತರು ಟೋಪಿ ತೆಗೆದು ಹೇಳಿದರು: "ಎಲೀಯ ಪ್ರವಾದಿ ಇಲ್ಲೇ ಸೌದೆ ಮೇಲೆ ಕೊಡಗಟ್ಟಲೆ ನೀರು ಸುರಿಸಿ ಪ್ರಾರ್ಥನೆ ಮಾಡಿದರು. ಆಕಾಶದಿಂದ ಬೆಂಕಿ ಬಿದ್ದು ಎಲ್ಲಾ ಉರಿದುಹೋಯ್ತು."

"ಒದ್ದೆ ಸೌದೇನಾ?"

"ಒದ್ದೇನೇ ಕಣಯ್ಯ."

ನಾನು ಕೈಮುಗಿದೆ. "ಸ್ವಾಮಿ, ಆ ಪ್ರಾರ್ಥನೆ ಒಂಚೂರು ಬರೆದುಕೊಡಿ. ನಾಳೆ ಬೆಳಗ್ಗೆ ಇಡೀ ಪಟಾಲಮ್ಮಿಗೆ ಟೀ ಕಾಯಿಸ್ಬೇಕು."

೩. ಯಾಫಾ

ಬೆಟ್ಟ ಇಳಿದು ಯಾಫಾ ಅನ್ನೋ ಬಂದರಿಗೆ ಬಂದು ದೋಣಿ ಹತ್ತಿದೆವು. ನಾನೋ, ಮಾಲೂರಿನ ಕೆರೆಗೇ ಮೊಣಕಾಲಿಗಿಂತ ಆಳಕ್ಕೆ ಇಳಿದವನಲ್ಲ. ದಡ ದೂರವಾಗ್ತಿದ್ದ ಹಾಗೇ ಗಾಳಿ ಎದ್ದಿತು. ಗುಮಾಸ್ತರಿಗೆ ಆಗಲೇ ಕಥೆ ನೆನಪಾಗಬೇಕೆ! "ಯೋನ ಹಡಗು ಹತ್ತಿದ್ದು ಇಲ್ಲಿಂದಲೇ. ದೇವರು ಹೇಳಿದ ಕೆಲಸ ತಪ್ಪಿಸಿಕೊಂಡು ಓಡಿದ್ದ. ಅದಕ್ಕೇ ಬಿರುಗಾಳಿ ಬಂತು. ಹಡಗಿನವರು ಅವನನ್ನ ಎತ್ತಿ ಸಮುದ್ರಕ್ಕೆ ಹಾಕಿದರು, ಮೀನು ನುಂಗ್ತು."

"ಹೌದು, ಅವರೇ ನಮ್ಮ ಯೂನುಸ್ ಪೈಗಂಬರ್" ಅಂದ ಭಾಯಿ.

ದೋಣಿ ಒಂದು ಕಡೆಗೆ ವಾಲಿತು. ನಾನು ತಡೆಯಲಾರದೆ ಕೂಗಿದೆ: "ನಾನೇ ಸ್ವಾಮಿ! ಹೊಟ್ಟೆನೋವು ಅಂತ ಸುಬೇದಾರರಿಗೆ ಸುಳ್ಳು ಹೇಳಿ ಬಂದಿದೀನಿ!"

"ಯಾ ಅಲ್ಲಾ! ರಿಪೇರಿ ಅಂತ ಹೇಳಿ ಲಾರಿ ತಂದಿದ್ದು ನಾನು!" ಅಂದ ಭಾಯಿ.

ಇಬ್ಬರೂ ಗುಮಾಸ್ತರ ಮುಖ ನೋಡಿದೆವು. ಅವರು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು, "ನಿನ್ನ ರಜಾ ಚೀಟಿ, ಇವನ ರಿಪೇರಿ ಚೀಟಿ, ಎರಡಕ್ಕೂ ಸಾಹೇಬರ ಸಹಿ ಹಾಕಿದ್ದು ನಾನೇ" ಅಂದರು.

ದೋಣಿಯವನು ನಗ್ತಾ ಹುಟ್ಟು ಹಾಕ್ತಲೇ ಇದ್ದ. ಅವನಿಗೆ ಕನ್ನಡ ಬರ್ತಿರಲಿಲ್ಲ. ಅದಕ್ಕೇ ನಾವು ಮೂವರೂ ದಡ ಸೇರಿದ್ದು.