ಬಕಾಸುರನ ಭಾನುವಾರ

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬಂದ ಒಂದು ಫೋನು ಪ್ರಣೀತಾಳ ವೇಳಾಪಟ್ಟಿಯ ಕೆಂಪು ಚೌಕವನ್ನು ಎತ್ತಿ ಹಸಿರು ಚೌಕದ ತಲೆಯ ಮೇಲೆ ಕೂರಿಸಿತು.

ಆ ವೇಳಾಪಟ್ಟಿ ಅಂಥಿಂಥದ್ದಲ್ಲ. ಡೊಂಬಿವಲಿ ಪೂರ್ವದ ಅವರ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದ್ದ ಅದರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಇಡೀ ವಾರ ಐದು ಬಣ್ಣಗಳಲ್ಲಿ ಕಿಕ್ಕಿರಿದಿತ್ತು. ಶಾಲೆಗೆ ನೀಲಿ, ಕಬಡ್ಡಿಗೆ ಹಳದಿ, ಚೆಸ್ಸಿಗೆ ಕಂದು, ಓದಿಗೆ ಹಸಿರು, ಯಕ್ಷಗಾನಕ್ಕೆ ಕೆಂಪು. ನಿದ್ದೆಗೆ ಬಣ್ಣ ಉಳಿಯದೆ ಅದನ್ನು ಪೆನ್ಸಿಲ್ಲಿನಲ್ಲಿ ಗೀಚಲಾಗಿತ್ತು. ಇಷ್ಟೆಲ್ಲ ಆಗುತ್ತದಾ ಎಂದು ಯಾರಾದರೂ ಕೇಳಿದರೆ ಪ್ರಣೀತಾಳಿಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಆಗದೆ ಏನು?

ಫೋನು ಚೆನ್ನಯ ಗುರುಗಳದ್ದು. ಕನ್ನಡ ಸಂಘದ ಮಕ್ಕಳಿಗೆ ಪ್ರತಿ ಭಾನುವಾರ ಯಕ್ಷಗಾನ ಕಲಿಸುವವರು ಅವರೇ, ಆಟದ ದಿನ ಮುಖಕ್ಕೆ ಬಣ್ಣ ಬರೆಯುವವರೂ ಅವರೇ. ಅಂದು ಸಂಜೆ ನಾಲ್ಕಕ್ಕೆ ಸಂಘದ ವಾರ್ಷಿಕೋತ್ಸವ, ಮಕ್ಕಳಿಂದ ಬಕಾಸುರ ವಧೆ. ಮೂರು ವರ್ಷ ಬಾಲಗೋಪಾಲನಾಗಿ, ಎರಡು ವರ್ಷ "ಅಪ್ಪಣೆ ಮಹಾಪ್ರಭು" ಎಂಬ ಒಂದೇ ಮಾತಿನ ದೂತನಾಗಿ ಕುಣಿದ ಪ್ರಣೀತಾಳಿಗೆ ಕೊನೆಗೂ ಬಕಾಸುರನ ವೇಷ ಸಿಕ್ಕಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಅಧ್ಯಕ್ಷರು, ಅತಿಥಿಗಳು, ಸನ್ಮಾನಿತರು ಎಂದು ಹನ್ನೊಂದು ಸಾಲು ಹೆಸರಿದ್ದವು. ಅವಳು ಓದಿದ್ದು ಹನ್ನೆರಡನೆಯ ಸಾಲೊಂದನ್ನೇ: ಬಕಾಸುರ, ಕು. ಪ್ರಣೀತಾ.

"ನೋಡು ಮಾರಾಯ್ತಿ," ಎಂದರು ಗುರುಗಳು, "ಘೋಡಬಂದರ್ ರೋಡಿನಲ್ಲಿ ಇನ್ನೊಂದು ತಂಡದವರು ನನ್ನನ್ನು ಹನ್ನೊಂದು ಗಂಟೆಗೆ ಕರೆದಿದ್ದಾರೆ. ಉಳಿದ ಮಕ್ಕಳು ತಾವೇ ಬಣ್ಣ ಹಚ್ಚಿಕೊಳ್ತಾರೆ. ನಿನ್ನದು ರಾಕ್ಷಸನ ಬಣ್ಣದ ವೇಷ, ಮೂರು ಗಂಟೆ ಕೆಲಸ. ಈಗಲೇ ಸಂಘದ ಹಾಲಿಗೆ ಬಾ. ಬರೆದು ಹೋಗ್ತೇನೆ, ಆಟದ ಹೊತ್ತಿಗೆ ವಾಪಸ್ ಬರ್ತೇನೆ."

"ಬಂದೆ ಗುರುಗಳೇ, ನೋ ಪ್ರಾಬ್ಲೆಮ್!"

ಪ್ರಾಬ್ಲೆಮ್ ಇತ್ತು. ಅದೇ ದಿನ ಹನ್ನೊಂದೂವರೆಗೆ ವಾಶಿಯ ದೊಡ್ಡ ಕೋಚಿಂಗ್ ಕ್ಲಾಸಿನ ಪ್ರವೇಶ ಪರೀಕ್ಷೆ. ಇಡೀ ನವಿ ಮುಂಬಯಿಯ ತಾಯಂದಿರು ಕೆ.ಆರ್. ಸರ್ ಎಂದು ಭಕ್ತಿಯಿಂದ ಕರೆಯುವ ಒಬ್ಬರು ನಡೆಸುವ ಕ್ಲಾಸದು. ಆಯ್ದ ಮೂವತ್ತು ಮಕ್ಕಳಿಗೆ ಮಾತ್ರ ಸೀಟು. ಸೀಟು ಸಿಕ್ಕವರಿಗೆ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಪಾಠ. ಅಂದರೆ ಯಕ್ಷಗಾನಕ್ಕೆ ಮಂಗಳ.

ಇದರ ಬಗ್ಗೆ ಅಮ್ಮ ಮುಕ್ತಾಳಿಗೂ ಮಗಳಿಗೂ ತಿಂಗಳಿಡೀ ಜಟಾಪಟಿ ನಡೆದು, ಕೊನೆಗೆ ಒಂದು ಒಪ್ಪಂದವಾಗಿತ್ತು.

"ಸೀಟು ಸಿಕ್ಕಿದ್ರೆ ನೀನು ಸೇರಬೇಕು. ಸಿಗದಿದ್ರೆ ನಾನು ಮತ್ತೆ ಕ್ಲಾಸಿನ ಸುದ್ದಿ ತೆಗೆಯುವುದಿಲ್ಲ, ನೀನು ಬೇಕಾದಷ್ಟು ಕುಣಿ. ಪರೀಕ್ಷೆಗೆ ಹೋಗ್ಲಿಲ್ಲ ಅಂತಾದ್ರೆ ಮಾತ್ರ ವೇಷವೂ ಇಲ್ಲ, ಗೆಜ್ಜೆಯೂ ಇಲ್ಲ. ಮತ್ತೆ, ಖಾಲಿ ಪೇಪರ್ ಕೊಟ್ಟು ಬಂದ್ರೆ ಅವರು ಫೋನ್ ಮಾಡಿ ಹೇಳ್ತಾರೆ, ಗೊತ್ತುಂಟಲ್ಲ?"

"ಖಾಲಿ ಯಾಕೆ ಕೊಡ್ಲಿ? ಎಲ್ಲ ತುಂಬ್ತೇನೆ. ಟೆನ್ಶನ್ ಮತ್ ಲೇ ಅಮ್ಮಾ," ಎಂದಿದ್ದಳು ಪ್ರಣೀತಾ. ತುಂಬುವ ಬಗೆ ಹೇಗೆಂದು ಅವಳು ಆಗಲೇ ನಿರ್ಧರಿಸಿಯಾಗಿತ್ತು.

ಒಂಬತ್ತೂಮುಕ್ಕಾಲಕ್ಕೆ ಬಣ್ಣ ಮುಗಿಯಿತು. ಕಪ್ಪು, ಕೆಂಪು ಬಳಿದ ಮುಖದ ಸುತ್ತ ಅಕ್ಕಿಹಿಟ್ಟಿನ ಬಿಳಿ ಮುಳ್ಳುಗಳ ಸಾಲು, ಮೂಗಿನ ತುದಿಯಲ್ಲಿ ಹತ್ತಿಯ ಉಂಡೆ. ಈ ಮುಳ್ಳುಗಳಿಗೆ ಚಿಟ್ಟಿ ಎನ್ನುತ್ತಾರೆ. ಒಂದೊಂದನ್ನೂ ಕಡ್ಡಿಯಲ್ಲಿ ಎತ್ತಿ ಇಡಬೇಕು. ಮುಖಕ್ಕೆ ಓಢಣಿ ಸುತ್ತಿಕೊಂಡರೆ ಅಷ್ಟೂ ನೆಲಸಮ.

"ಮೂರು ವಿಷಯ ನೆನಪಿಡು," ಗುರುಗಳು ಪೆಟ್ಟಿಗೆ ಮುಚ್ಚುತ್ತಾ ಹೇಳಿದರು. "ನಗಬಾರದು, ತಿನ್ನಬಾರದು, ಬೆವರಬಾರದು."

ಮೊದಲಿನ ಎರಡಾದರೂ ಸರಿ. ಸೆಂಟ್ರಲ್ ರೈಲ್ವೆಯಲ್ಲಿ ಹೋಗುವವಳಿಗೆ ಬೆವರಬಾರದು ಎಂದರೆ ಹೇಗೆ?

ಸ್ಟೇಷನ್ನಿನ ಎದುರು ಅಪ್ಪ ದಯಾನಂದರ ಸಣ್ಣ ಹೋಟೆಲು. ಅಪ್ಪ ಮಗಳ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಸುಧಾರಿಸಿಕೊಂಡು ಬಿಸಿ ಗೋಳಿಬಜೆಯ ಪೊಟ್ಟಣ ಚಾಚಿದರು.

"ತಿನ್ಲಿಕ್ಕಾಗುದಿಲ್ಲ ಅಪ್ಪ, ಬಾಯಿಯ ಬಣ್ಣ ಒಡೀತದೆ."

"ಊರಿಗೆ ಊರನ್ನೇ ತಿನ್ನುವ ರಾಕ್ಷಸ, ಉಪವಾಸವಾ?" ಎಂದರು ಅಪ್ಪ. ಮಜ್ಜಿಗೆ ಬಾಟಲಿಗೆ ಸ್ಟ್ರಾ ಹಾಕಿ ಕೊಟ್ಟರು. "ಹೋಗಿ ಬಾ. ಗೋಳಿಬಜೆ ಸಂಜೆ ಹಾಲಿಗೇ ತರ್ತೇನೆ. ಹೇಗೂ ಆಟದಲ್ಲಿ ಬಂಡಿ ಅನ್ನದ ಬದಲು ಅದನ್ನೇ ಇಡುದಲ್ವಾ? ಒಂದು ಬುಟ್ಟಿ ತುಂಬ ತರ್ತೇನೆ."

ಲೇಡೀಸ್ ಡಬ್ಬಿಯಲ್ಲಿ ಆ ದಿನ ನಡೆದದ್ದನ್ನು ಡೊಂಬಿವಲಿಯವರು ಯಾರೂ ನಂಬಲಾರರು. ಪ್ರಣೀತಾ ಹತ್ತಿದಳು, ಕಿಟಕಿ ಪಕ್ಕ ಕೂತಳು, ಅದೇ ಸೀಟಿನ ಉಳಿದ ಇಬ್ಬರೂ ಎದ್ದು ಬಾಗಿಲ ಬಳಿ ನಿಂತರು. ಮೂವರ ಸೀಟಿನಲ್ಲಿ ಒಬ್ಬಳೇ! ಕ್ಲಿಪ್ಪು, ಬಿಂದಿ ಮಾರುವ ಹೆಂಗಸು ಅವಳ ಹತ್ತಿರ ಬಂದು, ಇವಳಿಗೆ ತನ್ನ ಸಾಮಾನಿನಿಂದ ಮಾಡಬಹುದಾದ್ದು ಏನೂ ಉಳಿದಿಲ್ಲವೆಂದು ಕಂಡು ಮುಂದೆ ಹೋದಳು.

ಧೈರ್ಯ ಮಾಡಿ ಬಂದವಳು ಒಬ್ಬಳೇ, ಅವರದೇ ಬಿಲ್ಡಿಂಗಿನ ಎರಡನೇ ಮಹಡಿಯ ಚಂಪಾ ಆಂಟಿ. ಧಾರವಾಡದ ಕಡೆಯವಳು, ಮಗಳ ಮನೆಗೆಂದು ವಾಶಿಗೆ ಹೊರಟಿದ್ದಳು.

"ಯವ್ವಾ! ಯಾರವ್ವಾ ನೀ?"

"ಆಂಟಿ, ನಾನು ಪ್ರಣೀತಾ. ಮುಕ್ತಾಳ ಮಗಳು. ಎಕ್ಸಾಮಿಗೆ ಹೋಗ್ತಾ ಇದ್ದೇನೆ."

"ಹಿಂಗ? ಈ ಮಾರಿ ತಗೊಂಡ? ಅಯ್ಯ, ಬೆವರ ಬಂದೈತಿ ನೋಡ, ತಡಿ ತಡಿ!"

ಬೇಡ ಎನ್ನುವಷ್ಟರಲ್ಲಿ ಆಂಟಿಯ ಕರ್ಚೀಫು ಎಡಗೆನ್ನೆಯ ಐದು ಚಿಟ್ಟಿಗಳನ್ನು ಒರೆಸಿ ಹಾಕಿತ್ತು. ಪ್ರಣೀತಾಳ ಕಣ್ಣಲ್ಲಿ ನೀರು ತುಂಬಿತು. ಆಂಟಿಗೂ ಸಂಕಟವಾಯಿತು. ಆದರೆ ಪರರ ಕಷ್ಟಕ್ಕೆ ಸುಮ್ಮನಿರುವ ಜೀವ ಅದಲ್ಲ. ಬ್ಯಾಗಿಗೆ ಕೈಹಾಕಿ ಹಲ್ಲುಜ್ಜುವ ಪೇಸ್ಟು ತೆಗೆದು, ಹೋಳಿಗೆಗೆ ತುಪ್ಪ ಸುರಿಯುವಷ್ಟೇ ಮುತುವರ್ಜಿಯಿಂದ ಐದು ಬಿಳಿ ಮುಳ್ಳು ಹಿಂಡಿದಳು.

"ಈಗ ನೋಡ, ಮೊದಲಿನಕ್ಕಿಂತ ಚಂದ ಆತು."

ಚಂದವೇನೋ ಆಯಿತು. ಆದರೆ ಬಕಾಸುರನ ಕಣ್ಣು ಪುದೀನದ ಖಾರಕ್ಕೆ ಉರಿಯತೊಡಗಿತು, ಮಜ್ಜಿಗೆ ಮಾತ್ರ ಇದ್ದ ಹೊಟ್ಟೆ ಆ ವಾಸನೆಗೆ ಇನ್ನಷ್ಟು ಗುಡುಗಿತು. ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿಯುವಾಗ ಹಳಿ ದುರಸ್ತಿಗೆಂದು ಭಾನುವಾರ ರೈಲು ನಿಲ್ಲಿಸುವ ಮೆಗಾಬ್ಲಾಕ್ ಶುರುವಾಗಲು ಇನ್ನು ಕೆಲವೇ ನಿಮಿಷ ಉಳಿದಿತ್ತು. ಎಲ್ಲವೂ ಲೆಕ್ಕದಂತೆಯೇ ನಡೆಯುತ್ತಿದೆ ಎಂದುಕೊಂಡಳು ಪ್ರಣೀತಾ.

ಪರೀಕ್ಷೆಯ ಬಾಗಿಲಲ್ಲಿ ವಾಚ್‌ಮನ್ ಹಾಲ್ ಟಿಕೆಟಿನ ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ.

"ಫೋಟೋ ಮ್ಯಾಚ್ ನಹೀ ಹೋ ರಹಾ ಹೈ."

"ಅಂಕಲ್, ಅಂದರ್ ಸೇ ಮ್ಯಾಚ್ ಹೈ!" ಬಣ್ಣದ ಒಳಗಿನ ಮುಖ ಅದೇ ಎಂದಳು.

ಗಲಾಟೆ ಕೇಳಿ ಬಿಳಿ ಶರ್ಟಿನ, ಬೆಳ್ಳಿಗೂದಲಿನ ಒಬ್ಬರು ಹೊರಬಂದರು. ಸುತ್ತಲಿದ್ದ ತಾಯಂದಿರು ತಟಕ್ಕನೆ ನೆಟ್ಟಗೆ ನಿಂತದ್ದು ನೋಡಿ, ಕೆ.ಆರ್. ಸರ್ ಇವರೇ ಎಂದು ಪ್ರಣೀತಾಳಿಗೆ ತಿಳಿಯಿತು. ಅವರು ಆ ಮುಖವನ್ನು ಬಹಳ ಹೊತ್ತು, ಹಣೆಯಿಂದ ಗಲ್ಲದವರೆಗೆ ನೋಡಿದರು. ಪೇಸ್ಟಿನ ಐದು ಚಿಟ್ಟಿಗಳ ಮೇಲೆ ಅವರ ನೋಟ ಸ್ವಲ್ಪ ಹೆಚ್ಚೇ ನಿಂತಿತು.

"ಶೋ ಕಿತ್ನೇ ಬಜೇ ಹೈ?" ಆಟ ಎಷ್ಟು ಗಂಟೆಗೆ ಎಂದು ಕೇಳಿದರು.

"ಚಾರ್ ಬಜೇ ಸರ್, ಡೊಂಬಿವಲಿ ಮೇ."

ಅವರು ತಮ್ಮ ಕೈಗಡಿಯಾರ ನೋಡಿಕೊಂಡರು. "ಜಾವ್. ಲಾಸ್ಟ್ ಬೆಂಚ್. ಪೀಛೇ ಮುಡ್ನಾ ಮತ್ ಬಚ್ಚೋ!" ಹಿಂದೆ ತಿರುಗಬೇಡಿ ಎಂಬ ಕೊನೆಯ ಮಾತು ಒಳಗಿದ್ದ ಮಕ್ಕಳಿಗೆ.

ನಲವತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾದ ಸೊನ್ನೆಯನ್ನು ಕಪ್ಪು ಮಾಡಬೇಕು. ಎಲ್ಲಕ್ಕೂ ಕಣ್ಣು ಮುಚ್ಚಿ ಒಂದೇ ಅಕ್ಷರ ತುಂಬಬಹುದಿತ್ತು. ಆದರೆ ಪ್ರಣೀತಾ ಯಾವ ಕೆಲಸವನ್ನೂ ಅದೃಷ್ಟಕ್ಕೆ ಬಿಡುವವಳಲ್ಲ. ಹಾಗೆ ತುಂಬಿದರೆ ಹತ್ತು ಸರಿಯಾಗಿಬಿಡಬಹುದು, ಪೇಪರು ಕಷ್ಟವಾಗಿ ಉಳಿದವರೂ ಮುಗ್ಗರಿಸಿದರೆ ಆ ಹತ್ತಕ್ಕೇ ಸೀಟು ಸಿಕ್ಕಿಬಿಟ್ಟರೆ? ಅವಳು ಪ್ರತಿಯೊಂದನ್ನೂ ಶ್ರದ್ಧೆಯಿಂದ ಓದಿದಳು, ಬದಿಯಲ್ಲಿ ಲೆಕ್ಕ ಮಾಡಿದಳು, ಸರಿಯುತ್ತರ ಯಾವುದೆಂದು ಖಚಿತಪಡಿಸಿಕೊಂಡಳು, ಆಮೇಲೆ ಅದರ ಪಕ್ಕದ್ದನ್ನು ಕಪ್ಪು ಮಾಡಿದಳು. ಹದಿನೇಳನೆಯ ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ತಪ್ಪು ಮಾಡಲು ಮನಸ್ಸೇ ಬರಲಿಲ್ಲ. ಕಣ್ಣಿಂದ ನೀರಿಳಿಯಿತು, ಪುದೀನದ್ದೋ ದುಃಖದ್ದೋ ಹೇಳುವುದು ಕಷ್ಟ. ಅದನ್ನೂ ತಪ್ಪು ಮಾಡಿದಳು.

ಹನ್ನೆರಡೂವರೆಗೆ ಹೊರಬಿದ್ದಾಗ ರೈಲು ಬಂದ್ ಆಗಿತ್ತು. ಅದಕ್ಕೂ ಅವಳ ಬಳಿ ಏರ್ಪಾಡಿತ್ತು, ಡೊಂಬಿವಲಿ ಬಸ್ಸು. ಏರ್ಪಾಡಿನಲ್ಲಿ ಇಲ್ಲದ್ದು ಶಿಳ್‌ಫಾಟಾ. ಸದಾ ವಾಹನಗಳಿಂದ ಕಟ್ಟಿಕೊಳ್ಳುವ ಆ ಕೂಡುರಸ್ತೆ ಬರುತ್ತಿದ್ದಂತೆ ಬಸ್ಸು ನಿಂತಿತು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ತಪ್ಪು ಬದಿಯಿಂದ ನುಗ್ಗಿದ ಒಂದು ಟೆಂಪೊ ಮೂತಿ ತೂರಿಸಿ ಎರಡೂ ಕಡೆಯ ದಾರಿ ಕಟ್ಟಿಹಾಕಿತ್ತು. ಕಂಡಕ್ಟರ್ ಬೈದ, ಡ್ರೈವರ್ ಬೈದ, ಟೆಂಪೊದವನು ಕಿವಿಗೆ ಇಯರ್‌ಫೋನ್ ತುರುಕಿ ಆಕಾಶ ನೋಡುತ್ತಿದ್ದ. ಗಂಟೆ ಎರಡೂಕಾಲು ಆಗಿತ್ತು.

ಪ್ರಣೀತಾ ಬಸ್ಸಿನಿಂದ ಇಳಿದಳು. ನೇರ ಟೆಂಪೊದ ಎದುರು ಹೋಗಿ ಎರಡೂ ಕೈಯೆತ್ತಿ, ಕಾಲು ಅಗಲಿಸಿ, ಐದು ತಿಂಗಳಿಂದ ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದ್ದ ಅಟ್ಟಹಾಸವನ್ನು ಹೊಟ್ಟೆಯಾಳದಿಂದ ಹೊರಹಾಕಿದಳು. ಆ ಹಸಿದ ಹೊಟ್ಟೆಯಲ್ಲಿ ಜಾಗ ಬೇಕಾದಷ್ಟಿತ್ತು.

"ಹ್ಹೋ... ಹ್ಹೋ... ಹ್ಹೋಯ್!"

ಟೆಂಪೊದವನ ಇಯರ್‌ಫೋನ್ ಕಳಚಿತು. ಎದುರಿಗೆ ನಿಂತದ್ದೇನೆಂದು ನೋಡಿದವನೇ ರಿವರ್ಸ್ ಹಾಕಿದ ವೇಗಕ್ಕೆ ಹಿಂದಿನ ರಿಕ್ಷಾಗಳೂ ದಡಬಡಿಸಿ ಹಿಂದೆ ಸರಿದವು. ದಾರಿ ಬಿಟ್ಟಿತು. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಕಂಡಕ್ಟರ್ ಎದ್ದು ತನ್ನ ಸೀಟನ್ನೇ ಬಿಟ್ಟುಕೊಟ್ಟ. "ರೋಜ್ ಯೇತ್ ಜಾ, ಬಾಳ," ದಿನಾ ಬಾರಮ್ಮ ಎಂದು ಮರಾಠಿಯಲ್ಲಿ ಬೇಡಿಕೊಂಡ.

ಮೂರೂವರೆಗೆ ಹಾಲ್, ನಾಲ್ಕಕ್ಕೆ ಆಟ. ಬಕಾಸುರನ ಪ್ರವೇಶಕ್ಕೆ ಮುಂದಿನ ಸಾಲಿನ ಮಗುವೊಂದು ಅಳತೊಡಗಿತು, ಹಿಂದಿನ ಸಾಲಿನ ಅಜ್ಜ ಎದ್ದು ನಿಂತು ಭಲೇ ಎಂದರು. ಪೇಸ್ಟಿನ ಚಿಟ್ಟಿಯೂ ಅಲುಗಲಿಲ್ಲ. ಬದಿಯಲ್ಲಿ ಭೀಮನ ವೇಷದ ಏಳನೇ ಕ್ಲಾಸಿನ ಸಮಿತ್, ಕತೆಯಲ್ಲಿ ಇರುವಂತೆಯೇ, ರಾಕ್ಷಸನಿಗೆಂದು ತಂದ ಬುಟ್ಟಿಯ ಮುಂದೆ ಕೂತು ಗೋಳಿಬಜೆ ತಿನ್ನಲು ಶುರುಮಾಡಿದ್ದ. ಇನ್ನು ಯುದ್ಧ ಮುಗಿದರೆ ಸಾಕು, ಬಕಾಸುರನೂ ಎರಡು ಬಾಯಿಗೆ ಹಾಕಬಹುದು. ಇದ್ದ ಮೂರೂ ಕೆಲಸ ಒಂದೇ ದಿನ, ಒಂದೂ ತಪ್ಪದೆ! ಪ್ರಣೀತಾ ಗದೆ ಎತ್ತಿದಳು.

ಆಗ ಚೆಂಡೆ ನಿಂತಿತು. ಸಂಘದ ಕಾರ್ಯದರ್ಶಿ ಪುಂಡರೀಕಾಕ್ಷ ಮೈಕ್ ಹಿಡಿದು ರಂಗಕ್ಕೇ ಬಂದರು.

"ಬಂಧುಗಳೇ, ಮುಖ್ಯ ಅತಿಥಿಗಳಿಗೆ ಖಾರಘರದಲ್ಲಿ ಇನ್ನೊಂದು ಕಾರ್ಯಕ್ರಮ ಉಂಟು. ಆದ್ದರಿಂದ ಈಗಲೇ ಚಿಕ್ಕದಾಗಿ ಸಭಾ ಕಾರ್ಯಕ್ರಮ. ಬಕಾಸುರ, ನೀನು ಸ್ವಲ್ಪ ಬದಿಗೆ ನಿಲ್ಲು ಮಗಾ. ಭೀಮ, ನೀನು ತಿನ್ನು, ಪರವಾಗಿಲ್ಲ."

ಶಾಲು, ಹೂಗುಚ್ಛ, ಪರಿಚಯ ಭಾಷಣ. ಇಪ್ಪತ್ತೈದು ನಿಮಿಷ ಗದೆ ಹೊತ್ತು ನಿಂತ ಬಕಾಸುರನ ಕಣ್ಣೆದುರೇ ಬುಟ್ಟಿ ತಗ್ಗುತ್ತಾ ಹೋಯಿತು. ಕೊನೆಗೆ ಕರೆ ಬಂತು: "ನಮ್ಮ ಉಡುಪಿಯವರೇ ಆದ, ವಾಶಿಯ ಪ್ರಸಿದ್ಧ ಶಿಕ್ಷಕ, ಶ್ರೀ ಕಶ್ಯಪ ಆರ್. ಅವರು!"

ಬಿಳಿ ಶರ್ಟು, ಬೆಳ್ಳಿಗೂದಲು. ಬಕಾಸುರನ ಕೈಯ ಗದೆ ಕಾಲ ಮೇಲೆ ಬಿತ್ತು.

"ಬಾಲ್ಯದಲ್ಲಿ ನಾನೂ ಬಣ್ಣದ ವೇಷ ಕಟ್ಟಿದವ," ಕೆ.ಆರ್. ಸರ್ ಅಪ್ಪಟ ಉಡುಪಿ ಕನ್ನಡದಲ್ಲಿ ಶುರುಮಾಡಿದರು. "ಇವತ್ತು ಈ ರಾಕ್ಷಸ ನನ್ನ ಪರೀಕ್ಷೆಗೆ ಬಂದಿದ್ದ. ಕುತೂಹಲಕ್ಕೆ ಹೊರಡುವ ಮೊದಲು ಅವನ ಪೇಪರನ್ನೇ ಮೆಷಿನ್ನಿಗೆ ಹಾಕಿಸಿದೆ. ನಲವತ್ತಕ್ಕೆ ನಲವತ್ತು ಪ್ರಶ್ನೆಗೂ ಉತ್ತರ ಗೊತ್ತಿರುವ ಮಗು ಹದಿನೆಂಟು ವರ್ಷದಲ್ಲಿ ನನಗೆ ಸಿಕ್ಕಿದ್ದು ಇದೇ ಮೊದಲು. ಮೊದಲ ಸೀಟು ಇವಳಿಗೆ. ಇಲ್ಲಿಯೇ ಘೋಷಿಸ್ತಾ ಇದ್ದೇನೆ!"

ಹಾಲ್ ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ಮುಕ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳ ಮೇಲೆ ಸಂಶಯಪಟ್ಟಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

ಕೆ.ಆರ್. ಸರ್ ಬಕಾಸುರನಿಗೆ ಶಾಲು ಹೊದೆಸುತ್ತಾ ಕಿವಿಯ ಬಳಿ ಬಗ್ಗಿದರು.

"ಮೆಷಿನ್ ಕೊಟ್ಟದ್ದು ಸೊನ್ನೆ," ಎಂದು ಪಿಸುಗುಟ್ಟಿದರು. "ಏನೂ ಗೊತ್ತಿಲ್ಲದವ ಕಣ್ಣು ಮುಚ್ಚಿ ಗೀಚಿದ್ರೂ ಎಂಟು ಹತ್ತು ಸರಿಯಾಗ್ತದೆ ಮಗಾ. ನಲವತ್ತೂ ತಪ್ಪಾಗಬೇಕಾದ್ರೆ ನಲವತ್ತೂ ಗೊತ್ತಿರಬೇಕು. ನೀನು ಬದಿಯಲ್ಲಿ ಮಾಡಿದ ಲೆಕ್ಕವನ್ನೂ ನೋಡಿದೆ. ಹದಿನೇಳನೆಯದ್ದು ಬಹಳ ಚಂದ ಮಾಡಿದ್ದಿ. ಬರುವ ಭಾನುವಾರ ಏಳಕ್ಕೆ ಬಾ. ಮುಖ ತೊಳೆದುಕೊಂಡು ಬಾ."

ಚೆಂಡೆ ಮತ್ತೆ ಶುರುವಾಯಿತು. ಹತ್ತು ನಿಮಿಷದ ಯುದ್ಧ ಅಭ್ಯಾಸವಾಗಿತ್ತು. ಆದರೆ ಭೀಮನ ಮೊದಲನೇ ಪೆಟ್ಟಿಗೇ ಬಕಾಸುರ ಧೊಪ್ಪೆಂದು ಬಿದ್ದ, ಮತ್ತೆ ಏಳಲಿಲ್ಲ. ಸಾಯುವುದನ್ನು ಇಷ್ಟು ಸಹಜವಾಗಿ ಮಾಡಿದವರನ್ನು ತಾನು ಕಂಡಿಲ್ಲವೆಂದು ಚೆನ್ನಯ ಗುರುಗಳು ಪಕ್ಕದವರಿಗೆ ಹೇಳಿದರು.

ವೇಷ ಕಳಚುವ ಚೌಕಿಯಲ್ಲಿ ಅಮ್ಮ ಬಂದು ಬಣ್ಣದ ಮುಖವನ್ನೇ ಅಪ್ಪಿಕೊಂಡಳು. ಅವಳ ಕೈಯಲ್ಲಿ ಸೀಟು ಸಿಕ್ಕಿದರೆ ಬೇಕೆಂದು ಬರುವ ದಾರಿಯಲ್ಲೇ ಕೊಂಡಿದ್ದ ಹೊಸ ನೇರಳೆ ಸ್ಕೆಚ್‌ಪೆನ್ನಿತ್ತು. "ಎಷ್ಟು ಚಂದ ಬರ್ದಿದ್ದಿ ಪುಟ್ಟಾ! ಭಾನುವಾರದ ಚೌಕ ಇಡೀ ಇನ್ನು ಇದೇ ಬಣ್ಣ. ಇವತ್ತು ಒಂದೇ ದಿನದಲ್ಲಿ ಇಷ್ಟೆಲ್ಲ ಮಾಡಿದವಳು ನೀನು, ಆಗದೆ ಏನು?"

ಪ್ರಣೀತಾ ಗದೆಯನ್ನು ಮೂಲೆಗೆ ಇಟ್ಟಳು. ಇನ್ನು ಬಾಯಿಯ ಬಣ್ಣ ಒಡೆದರೂ ಚಿಂತೆಯಿಲ್ಲವೆಂದು ಅವಳು ಅಪ್ಪನ ಬುಟ್ಟಿಯ ಕಡೆ ಕೈಚಾಚಿದಳು. ಭೀಮ ಒಂದು ಗೋಳಿಬಜೆಯನ್ನೂ ಉಳಿಸಿರಲಿಲ್ಲ.