ಮೆಡೂಸಾಗೆ ಯಾರ ಮುಖ?

ಎಲ್ಲ ಅನಾಹುತಕ್ಕೂ ಕಾರಣ ಒಂದು ಮೂಗು.

ವಸ್ತುಸಂಗ್ರಹಾಲಯದ ಹೊಸ ಕೋಣೆಯಲ್ಲಿ ಲೋಕದ ದೇವರು ದೆವ್ವಗಳೆಲ್ಲ ಸಾಲಾಗಿ ನಿಂತಿದ್ದರು. ಸುತ್ತಿಗೆ ಹಿಡಿದ ಗುಡುಗಿನ ದೇವರು ಥಾರ್, ಈಜಿಪ್ಟಿನ ನರಿಮುಖದ ದೇವರು ಅನೂಬಿಸ್, ಗೂಬೆ ಸಮೇತ ಜ್ಞಾನದೇವತೆ ಅಥೀನಾ, ಕೂದಲಿನ ಬದಲು ಹಾವುಗಳಿದ್ದು ನೋಡಿದವರನ್ನೆಲ್ಲ ಕಲ್ಲು ಮಾಡುವ ಗ್ರೀಕ್ ರಾಕ್ಷಸಿ ಮೆಡೂಸಾ. ಎಲ್ಲವೂ ಒಬ್ಬನೇ ಶಿಲ್ಪಿಯ ಕೈಕೆಲಸ. ಉದ್ಘಾಟನೆಯ ಬೆಳಿಗ್ಗೆ ಅವನು ಎದೆಯುಬ್ಬಿಸಿಕೊಂಡು ಅವುಗಳ ನಡುವೆ ಓಡಾಡುತ್ತಿದ್ದ. ಅದರಲ್ಲೂ ಆ ಮೆಡೂಸಾ! ಜನ್ಮಕ್ಕೊಂದು ಸಲ ಕೈಗೆ ಹತ್ತುವಂಥ ಕೆಲಸ. ಹೆಮ್ಮೆ ಪಡಬಾರದೇ? ಪಡಲಿ ಬಿಡಿ.

ಏಣಿ ಹತ್ತಿ ದೀಪ ಜೋಡಿಸುತ್ತಿದ್ದ, ಶಿಲ್ಪಿಯ ಬೀದಿಯವನೇ ಆದ ಎಲೆಕ್ಟ್ರಿಷಿಯನ್ ಮೆಡೂಸಾಳ ಮುಖಕ್ಕೆ ಬೆಳಕು ಬಿಟ್ಟವನು ಹಾಗೇ ನಿಂತುಬಿಟ್ಟ.

"ಶಿಲ್ಪಿಗಳೇ, ಈ ಮೂಗನ್ನ ಎಲ್ಲೋ ನೋಡಿದೀನಲ್ಲ!"

"ಅದು ಗ್ರೀಕ್ ಮೂಗು ಕಣಯ್ಯಾ."

"ಗ್ರೀಕೂ ಇಲ್ಲ, ಗೀಕೂ ಇಲ್ಲ. ನಿಮ್ಮ ಅತ್ತೆ ಮೂಗು!"

ಆಚೆ ಪೀಠ ಸರಿಮಾಡುತ್ತಿದ್ದ ಅದೇ ಬೀದಿಯ ಬಡಗಿ ಉಳಿ ಬಿಟ್ಟು ಓಡಿಬಂದು ನೋಡಿದ. "ಹೌದ್ರೀ, ಹುಬ್ಬೂ ಅವರದೇ" ಎಂದು ತೀರ್ಪು ಕೊಟ್ಟ.

ಶಿಲ್ಪಿಯೂ ಕತ್ತೆತ್ತಿ ನೋಡಿದ. ಹೌದು, ಅತ್ತೆಯೇ! ಬೇಕೆಂದು ಮಾಡಿದ್ದಲ್ಲ. ಅವನು ಮನೆ ಅಳಿಯ. ಕೆಲಸದ ಶೆಡ್ಡೂ ಅತ್ತೆಯ ಹಿತ್ತಲಲ್ಲೇ. "ಪ್ಲಾಸ್ಟರ್ ನೀರು ಬಿಟ್ಟು ಬಿಟ್ಟು ಮೋರಿ ಕಟ್ಕೊಂಡಿದೆ" ಎಂದು ಅತ್ತೆ ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು ಅವನನ್ನು ದಿಟ್ಟಿಸುತ್ತಿದ್ದರು. ನೋಟಕ್ಕೇ ಮನುಷ್ಯ ಕಲ್ಲಾಗುವಂಥ ಮುಖ ಮಾಡಬೇಕು ಎಂದರೆ ಕೈ ತಾನಾಗೇ ಇನ್ಯಾವ ಮುಖಕ್ಕೆ ಹೋಗುತ್ತದೆ?

"ಇನ್ನು ಸ್ವಲ್ಪ ಹೊತ್ತಿಗೆ ಅತ್ತೆ ಬರ್ತಾರೆ. ಇದನ್ನ ನೋಡಿದ್ರೆ ನನ್ನನ್ನ ಮನೆಯಿಂದ ಆಚೆ ಹಾಕ್ತಾರೆ ಕಣ್ರಪ್ಪಾ!"

"ಒಂದು ಮೀಸೆ ಬರೆದುಬಿಡಿ" ಎಂದ ಎಲೆಕ್ಟ್ರಿಷಿಯನ್.

"ಮೆಡೂಸಾಗೆ ಮೀಸೆಯಾ? ನನ್ನ ಕೆಲಸಕ್ಕೂ ಒಂದು ಮರ್ಯಾದೆ ಇದೆ ಕಣಯ್ಯಾ!"

"ಹಾಗಾದ್ರೆ ಮುಖ ಬಿಚ್ಚಿ ಬೇರೆ ಹಾಕಿ" ಎಂದ ಬಡಗಿ.

ಮುಖವನ್ನು ಬೇರೆಯಾಗಿ ಅಚ್ಚು ಹಾಕಿ ಆಮೇಲೆ ತಲೆಗೆ ಸ್ಕ್ರೂ ಬಿಗಿಯುವುದು ಶಿಲ್ಪಿಯ ಪದ್ಧತಿ. ಅದೇ ಅಳತೆಯ ಮುಖ ಇದ್ದದ್ದು ಅಥೀನಾಳದೊಂದೇ. ಅದೋ, ಹೆಂಡತಿಯನ್ನು ಮೆಚ್ಚಿಸಲೆಂದೇ ಅವಳನ್ನು ಎದುರಿಗೆ ಕೂರಿಸಿಕೊಂಡು ಮಾಡಿದ್ದು! ಅದಲುಬದಲು ಮಾಡಿದರೆ ಅವಳ ತಲೆಗೆ ಹಾವು. ಆದರೆ ಹೆಂಡತಿ ನರ್ಸು, ಇವತ್ತು ಅವಳಿಗೆ ಡ್ಯೂಟಿ, ಬರುವುದಿಲ್ಲ. ಸಂಜೆ ಮತ್ತೆ ಬದಲಿಸಿದರಾಯಿತು. ಜ್ಞಾನದೇವತೆಯ ಮೇಲೆ ತನ್ನ ಮುಖ ಕಂಡ ಅತ್ತೆ ಬೇರೆ ಕಡೆ ತಿರುಗಿಯೂ ನೋಡಲಾರರು. ಹೀಗೆಲ್ಲ ಲೆಕ್ಕ ಹಾಕಿ ಶಿಲ್ಪಿ ಸ್ಕ್ರೂಡ್ರೈವರ್ ಎತ್ತಿಕೊಂಡ.

ಒಂದು ಸ್ಕ್ರೂ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬಡಗಿ ಜೋರಾಗಿ ತಿರುವಿದ, ಏಣಿ ವಾಲಿತು, ಅನೂಬಿಸನ ಒಂದು ಕಿವಿ ಪಟ್ ಎಂದು ಕೆಳಗೆ ಬಿತ್ತು. ಎಲೆಕ್ಟ್ರಿಷಿಯನ್ ಗಡಿಬಿಡಿಯಲ್ಲಿ ಗೋಂದು ಹಚ್ಚಿ ಅದನ್ನು ಹಿಂದುಮುಂದಾಗಿ ಅಂಟಿಸಿದ.

"ಬಿಡಿ ಸಾರ್, ಅನೂಬಿಸ್ ಬಂದು ಕೇಳ್ತಾನಾ?"

ಕೊನೆಯ ಸ್ಕ್ರೂ ಬಿಗಿಯುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಮುಂದೆ ಹೊಸ ಬಟ್ಟೆಯಲ್ಲಿ ಅತ್ತೆ, ಹಿಂದೆ ಇಡೀ ಬೀದಿಯ ಹೆಂಗಸರು. ಅವರ ನಡುವೆ ನಗುತ್ತಾ ಹೆಂಡತಿ! ಶಿಲ್ಪಿ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಅತ್ತೆ ಯಾವ ದೇವರಿಗೂ ಸೊಪ್ಪು ಹಾಕದೆ ನೇರ ಮೆಡೂಸಾಳ ಮುಂದೆ ಹೋಗಿ ನಿಂತರು. ನೋಡುತ್ತಲೇ ಅವರ ಮುಖ ಬಾಡಿತು.

"ಅಳಿಯಂದಿರೇ, ನನ್ನ ಮುಖ ಎಲ್ಲಿ?"

"ಅತ್ತೇ, ಅದು... ನಿಮಗೆ ಹೇಗೆ..."

"ನಿನ್ನೆ ಊಟದ ಡಬ್ಬಿ ಕೊಡೋಕೆ ಬಂದಾಗ ನೀವಿರಲಿಲ್ಲ, ಇದನ್ನ ನೋಡಿದೆ. ಒಬ್ಬಳೇ ನಿಂತ್ಕೊಂಡು ಖುಷಿಗೆ ಅತ್ತುಬಿಟ್ಟೆ ಕಣ್ರೀ! ಇಷ್ಟು ವರ್ಷ ನನ್ನ ಮಾತನ್ನ ಯಾರು ಕಿವಿಗೆ ಹಾಕ್ಕೊಂಡಿದಾರೆ? ಒಂದೇ ನೋಟಕ್ಕೆ ಲೋಕಾನೇ ಕಲ್ಲು ಮಾಡೋಳಿಗೆ ನಮ್ಮ ಅಳಿಯ ನನ್ನ ಮುಖ ಇಟ್ಟಿದಾರೆ ಅಂತ ಬೀದಿಯೆಲ್ಲ ಹೇಳ್ಕೊಂಡು ಬಂದೆ. ಇವಳಿಗೂ ರಜಾ ಹಾಕಿಸಿದೆ. ಎಲ್ರೀ ನನ್ನ ಮುಖ?"

ಶಿಲ್ಪಿ ಅಥೀನಾಳನ್ನು ತೋರಿಸಿದ. "ಅಲ್ಲಿ... ಜ್ಞಾನದೇವತೆ ಅತ್ತೇ..."

"ಗೂಬೆ ಪಕ್ಕದಲ್ಲಾ?" ಅತ್ತೆಯ ದನಿಗೆ ಕಿಟಕಿಯ ಗಾಜು ಅದುರಿತು.

ಅಷ್ಟರಲ್ಲಿ ಹೆಂಡತಿ ಮೆಡೂಸಾಳ ಮುಂದೆ ಬಂದು ನಿಂತಿದ್ದಳು. ಅಲ್ಲಿದ್ದ ತನ್ನದೇ ಮುಖದ ಹಣೆಯ ಮೇಲೆ ಹೆಡೆಯೆತ್ತಿದ್ದ ಹಾವುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ನೋಡಿ ಮುಗಿಸಿ ಗಂಡನ ಕಡೆ ತಿರುಗಿದಳು. ಆ ನೋಟ ಥೇಟ್ ಅವಳ ತಾಯಿಯದೇ.

"ಅಮ್ಮಾ," ಎಂದಳು ತಣ್ಣಗೆ, "ಇವರ ಹತ್ರ ಇರೋ ಮನೆ ಕೀಲಿ ಇಸ್ಕೋ."