ನಾಲ್ಕನೆಯ ಉಸ್ತಾದ

ಗೋಡೆಗೆ ಹೊಡೆದದ್ದು ಮೂರೇ ಮೊಳೆ. ತುಳಜಪ್ಪನಿಗೆ ಸಿಟ್ಟು ಬಂದದ್ದು ಅದಕ್ಕೇ.

ನಿಜಾಮರ ಸೀಮೆಯ ಈ ಭಾಗದಲ್ಲಿ, ಬಶೀರಾಬಾದಿನಿಂದ ದೌಲತಾಬಾದಿನವರೆಗಿನ ಹಳ್ಳಿಗಳಲ್ಲಿ ಕಣ್ಣಿಗೆ ಪೊರೆ ಬಂದವರೆಲ್ಲ ತಾಂಡೂರಿನ ಈ ಸಣ್ಣ ದವಾಖಾನೆಗೇ ಬರಬೇಕು. ತೀರಿಹೋದ ಮೂವರು ಸರ್ಜನ್ನರ ಫೋಟೊಗಳಿಗೆ ಇವತ್ತು ಹಾರ. ಆ ಮೂವರಿಗೂ ಕಣ್ಣಿನ ಯಾವ ಅಂಚಿಗೆ ಚೂರಿ ಇಡಬೇಕೆಂದು ತೋರಿಸಿಕೊಟ್ಟವನು ಪಟ್ಟಿ ಕಟ್ಟುವ ಡ್ರೆಸ್ಸರ್ ತುಳಜಪ್ಪ.

“ನನ್ನ ಫೋಟೊ ಹಾಕದಿದ್ರ ಇವತ್ತ ನಾ ಕತ್ತರಿ ಮುಟ್ಟಂಗಿಲ್ರಿ.”

ಹೊಸ ಡಾಕ್ಟರ್ ಸೋಮಶೇಖರ ಬೆವತರು. ಆಪರೇಶನ್ ನೋಡಲು ಹೈದರಾಬಾದಿನಿಂದ ದೊಡ್ಡ ಡಾಕ್ಟರ್ ಹಣಮಂತರಾಯರು ಬರುವವರಿದ್ದರು. ತುಳಜಪ್ಪ ಪಕ್ಕದಲ್ಲಿಲ್ಲದಿದ್ದರೆ ಇವರ ಕೈ ಗಾಳಿಗೆ ಸಿಕ್ಕ ಜೋಳದ ಗರಿ.

“ಹಾಕಪ್ಪಾ, ಹಾಕು!” ಎಂದು ಒಪ್ಪಿದರು.

ಹಳೆಯ ಗ್ರೂಪ್ ಫೋಟೊದ ಮೂಲೆಯಲ್ಲಿ ತಟ್ಟೆ ಹಿಡಿದು ನಿಂತಿದ್ದ ತುಳಜಪ್ಪನನ್ನು ಕತ್ತರಿಸಿ ಫ್ರೇಮಿಗೆ ಹಾಕಿ, ನಾಲ್ಕನೆಯ ಮೊಳೆ ಹೊಡೆದು ನೇತುಹಾಕಿದರು. ನರ್ಸ್ ವತ್ಸಲಾಬಾಯಿ ನಾಲ್ಕಕ್ಕೂ ಹಾರ ಹಾಕಿ, ಕುಂಕುಮ ಹಚ್ಚಿ, ಊದಿನಕಡ್ಡಿ ಸಿಗಿಸಿದಳು. ತುಳಜಪ್ಪ ಹಿತ್ತಲಿಗೆ ಹೋಗಿ ಖುಷಿಯಿಂದ ಚೂರಿ ಕುದಿಸತೊಡಗಿದ.

ಅಷ್ಟರಲ್ಲಿ ಅವನ ಹೆಂಡತಿ ಭೂದೇವಿ ರೊಟ್ಟಿ ಗಂಟು ಹಿಡಿದು ಬಂದಳು. ಫೋಟೊ ನೋಡಿದಳು.

“ಅಯ್ಯಯ್ಯೋ! ಮುಂಜಾನಿ ನನ್ನ ಬೈದು ಹೋದಾಂವ ಈಗ ಗ್ವಾಡಿ ಮ್ಯಾಲ ಕುಂತಾನಲ್ಲೋ!”

“ಪೊರಿ ತೆಗಿಯಾಂವ ಸತ್ತನಂತ!” ಎಂದು ಪೊರೆ ತೆಗೆಸಿಕೊಳ್ಳಲು ಬಂದು ಬೆಂಚಿನ ಮೇಲೆ ಕೂತಿದ್ದ ಆರೂ ಮಂದಿ ಎದ್ದರು. ಒಬ್ಬರ ಹೆಗಲು ಒಬ್ಬರು ಹಿಡಿದು, ಗೂಡ್ಸ್ ಗಾಡಿಯಂತೆ ಬಾಗಿಲು ದಾಟಿದರು. ಮೂರ್ಛೆ ಹೋದ ಭೂದೇವಿಯನ್ನು ನೆರೆಯವರು ಎತ್ತಿಕೊಂಡು ಹೋದರು.

ಗದ್ದಲ ಕೇಳಿ ತುಳಜಪ್ಪ ಓಡಿಬಂದ. ಹೊರಗೆ ಹಣಮಂತರಾಯರ ಟಾಂಗಾ ನಿಂತಿತು. ಸೋಮಶೇಖರರು ಅವನನ್ನು ಪರದೆಯ ಹಿಂದೆ ನೂಕಿದರು. “ಜೀವಂತ ಮನುಷ್ಯಾಗ ಹಾರ ಹಾಕೀನಂದ್ರ ನನ್ನ ನೌಕರಿ ಹೋಗ್ತದ! ಉಸಿರ ಬಿಡಬ್ಯಾಡ!”

ಹಣಮಂತರಾಯರು ಖಾಲಿ ಬೆಂಚು ನೋಡಿದರು. “ಮಂದಿ ಎಲ್ರೀ?”

“ನಮ್ಮ ಡ್ರೆಸ್ಸರ್ ತೀರಿಕೊಂಡಾನ್ರಿ. ಅಂಜಿ ಹೋದ್ರು.”

ಹಣಮಂತರಾಯರು ನಾಲ್ಕನೆಯ ಫೋಟೊದ ಮುಂದೆ ಟೋಪಿ ತೆಗೆದರು. “ತುಳಜಪ್ಪ! ನಾ ಇಲ್ಲಿದ್ದಾಗ ನನ್ನ ಕೈ ಹಿಡಿದು ಕಲಿಸಿದಾಂವ ಇವನೇ. ನನ್ನ ಉಸ್ತಾದ. ಈ ಮೂವರಕಿಂತ ಮೊದಲ ಇವನ ಫೋಟೊ ಇರಬೇಕ್ರಿ.” ಅವರ ಕಣ್ಣುಗಳು ಒದ್ದೆಯಾದವು.

ಇಪ್ಪತ್ತೆರಡು ವರ್ಷ ಕಾದ ಮಾತು. ತುಳಜಪ್ಪ ತಡೆಯಲಾರದೆ ಪರದೆ ಸರಿಸಿದ.

“ನಾ ಇನ್ನಾ ಇದ್ದೀನ್ರಿ ಸಾಹೇಬ್ರ!”

ಹಣಮಂತರಾಯರು ಹೌಹಾರಿದರು. ಆಮೇಲೆ ಅವನ ಬರಿಗಾಲು ನೋಡಿದರು, ಔಷಧದ ಕಲೆಯ ಅಂಗಿ ನೋಡಿದರು. ಕಣ್ಣೊರೆಸಿಕೊಂಡು ಟೋಪಿ ಹಾಕಿಕೊಂಡರು.

“ಇದ್ದೀಯೇನು? ಹಂಗಾದ್ರ ಆ ಫೋಟೊ ಇಳಸು. ಸರ್ಜನ್ನರ ಸಾಲಿನ್ಯಾಗ ಡ್ರೆಸ್ಸರಂದು ಏನ್ ಕೆಲಸ?”

ತುಳಜಪ್ಪ ಹಲ್ಲು ಕಚ್ಚಿ ಸ್ಟೂಲು ಹತ್ತಿದ.

“ಹುಷಾರ್ ಲೇ,” ಎಂದರು ಸೋಮಶೇಖರ, “ಫ್ರೇಮು ದವಾಖಾನೀದು.”